ಏಳನೇ ನಂಬರಿನ ಗಾದಿ

ತಿನ್ನುವ ರಾಗಿಯ ಮೇಲೆ ಮನುಷ್ಯರನ್ನು ಮಲಗಿಸುವುದು ಪಾಪವೋ ಪುಣ್ಯವೋ ಎಂಬ ಜಗಳ ಶಿರಾಳಕೊಪ್ಪದ ಮುಕ್ತಾರ್ ಅಹಮದರ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಏಳುತ್ತಿತ್ತು. ಎಬ್ಬಿಸುವವನು ಮಗ ರಿಹಾನ್. ಎದುರಾಡುವವಳು ಅವನ ಅಕ್ಕ ಸಬಿಹಾ. ಮುಕ್ತಾರ್ ಅಹಮದರು ಇಬ್ಬರ ಮಾತಿಗೂ ತಲೆಯಾಡಿಸಿ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು. ರೊಟ್ಟಿ ಹಾಕುವ ಹೆಂಡತಿ ಶಹಜಹಾನ್ ಬೇಗಂ ಮಾತ್ರ ಯಾರ ಪಕ್ಷಕ್ಕೂ ಸೇರಿದವಳಲ್ಲ. ಆಕೆಗೆ ಗೊತ್ತಿದ್ದದ್ದು ದಬ್ಬಣ ಹಿಡಿದು ಗಾದಿ ಹೊಲಿಯುವುದು. ಅದರಲ್ಲಿ ಆಕೆಯನ್ನು ಮೀರಿಸುವವರು ಶಿಕಾರಿಪುರ ತಾಲ್ಲೂಕಿನಲ್ಲಿ ಇರಲಿಲ್ಲ. ಸೊರಬದ ಕಡೆ ಇದ್ದಾರೆಂದು ಯಾರಾದರೂ ಹೇಳಿದ್ದರೆ ಆಕೆ ನಂಬುತ್ತಿರಲಿಲ್ಲ.

ಮೂರು ತಲೆಮಾರಿನಿಂದ ಹತ್ತಿ ಹಿಂಜಿ ಗಾದಿ ಮಾಡಿದ ಪಿಂಜಾರರ ಮನೆ ಅದು. ಈಗ ಹಿಂಜುವುದಕ್ಕೆ ಮಷಿನ್ ಬಂದಿದೆ, ಬಿಲ್ಲು ಅಟ್ಟ ಸೇರಿದೆ. ರಿಹಾನ್ ಅಂಗಡಿಯ ಮುಂದೆ ಫೋಮ್ ಗಾದಿಗಳನ್ನು ಸಾಲಾಗಿ ನಿಲ್ಲಿಸಿದ್ದಾನೆ, ಅವೇ ಹೆಚ್ಚು ಹೋಗುತ್ತವೆ. ಹೀಗೆ ಎಲ್ಲ ಒಂದು ಹದಕ್ಕೆ ಬಂತು ಎನ್ನುವಾಗ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷ ನರ್ಸ್ ಆಗಿದ್ದ ಸಬಿಹಾ ಕೆಲಸ ಬಿಟ್ಟು ಬಂದು ಕೂತಳು. ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು ತೊಳೆದು ತೊಳೆದು ಅವಳಿಗೆ ಸಾಕಾಗಿತ್ತು. ಹುಣ್ಣೇ ಆಗದ ಗಾದಿ ಮಾಡುತ್ತೇನೆ ಎಂದಳು. ಹೊಸ ಚಿಕಿತ್ಸೆ, ಹೊಸ ಸಲಕರಣೆ ಕಂಡುಹಿಡಿಯುವ ಸಣ್ಣ ಉದ್ಯಮಗಳಿಗೆ ಸರ್ಕಾರ ಸಂಶೋಧನೆಯ ದುಡ್ಡು ಕೊಡುತ್ತದೆಂದು ಅವಳಿಗೆ ಎಲ್ಲಿಂದಲೋ ತಿಳಿದಿತ್ತು. ಅಪ್ಪನ ಅಂಗಡಿಯ ಹೆಸರಿನಲ್ಲೇ ನಲವತ್ತು ಪುಟದ ಅರ್ಜಿ ಬರೆದು ಹಾಕಿದಳು. ಮನೆಯವರೆಲ್ಲ ಅದನ್ನು ಮರೆತ ಮೇಲೆ ಮೊದಲ ಕಂತು ಬಂತು.

ಆ ನಲವತ್ತು ಪುಟದ ತಿರುಳು ಮಾತ್ರ ತಾಳಗುಂದದ ಮಾಸ್ತಮ್ಮನದು. ಸಬಿಹಾ ಏಳು ತಿಂಗಳಿಗೇ ಹುಟ್ಟಿದ ಕೂಸು. ತಲೆ ಎಷ್ಟು ಎಳಸೆಂದರೆ ಮಲಗಿಸಿದ ಕಡೆ ಚಪ್ಪಟೆಯಾಗುತ್ತಿತ್ತು. ಮಾಸ್ತಮ್ಮನ ಮನೆಗೆ ಶಹಜಹಾನ್ ಬೇಗಂ ಮದುವೆಯ ಗಾದಿ ಹೊಲಿದುಕೊಟ್ಟಿದ್ದಳು, ಅಷ್ಟೇ ಬಳಕೆ. ಸುದ್ದಿ ಕೇಳಿದ ಮಾಸ್ತಮ್ಮ ಮೆತ್ತನೆಯ ಹಳೇ ಸೀರೆಯಲ್ಲಿ ರಾಗಿ ತುಂಬಿ, ಅಂಗೈ ಅಗಲದ ದಿಂಬು ಮಾಡಿಕೊಂಡು ತಾನೇ ನಡೆದು ಬಂದಿದ್ದಳು. ರಾಗಿ ಸರಿಯುತ್ತದೆ, ಒತ್ತಿದ ಕಡೆ ಜಾಗ ಬಿಡುತ್ತದೆ, ಕೂಸಿನ ತಲೆಗೆ ನೋವಾಗುವುದಿಲ್ಲ ಎಂದಿದ್ದಳು. ಸಬಿಹಾ ಮಾಡಿದ್ದೂ ಅದನ್ನೇ. ಬೆನ್ನು, ಸೊಂಟ, ಹಿಮ್ಮಡಿ ಬರುವಲ್ಲಿ ಚಿಕ್ಕ ಚಿಕ್ಕ ಚೌಕದ ಚೀಲ, ಒಳಗೆ ಒಣಗಿಸಿದ ರಾಗಿ, ಹುಳ ಬೀಳದಂತೆ ಬೇವಿನೆಲೆ, ಮೇಲೆ ತೆಳ್ಳಗೆ ಅರಳೆ. ಅಂಗಡಿಯ ಹಿಂದಿನ ಅರ್ಧ ರಾಗಿ ಚೀಲಗಳಿಗೆ, ತೂಕದ ಯಂತ್ರಕ್ಕೆ, ಒತ್ತಡ ಅಳೆಯುವ ಹಾಳೆಗೆ ಹೋಯಿತು. ರಿಹಾನನ ಫೋಮ್ ಶೋರೂಮಿನ ಕನಸು ಷಟರಿನ ಹತ್ತಿರವೇ ನಿಂತಿತು.

ಈಗ ಉಳಿದದ್ದು ಪರೀಕ್ಷೆ. ಎರಡು ತಾಲ್ಲೂಕಿನಲ್ಲಿ ಹಾಸಿಗೆ ಹಿಡಿದ ಹದಿನಾರು ಜನ, ಎಂಟು ವಾರ. ಎಂಟು ಜನಕ್ಕೆ ರಾಗಿ ಗಾದಿ, ಎಂಟು ಜನಕ್ಕೆ ಮಾಮೂಲಿ ಅರಳೆ ಗಾದಿ. ರಾಗಿಯದು ಗೆದ್ದರೆ ಎರಡನೇ ಕಂತು ಬರುತ್ತದೆ, ಗಾದಿ ಸರ್ಕಾರಿ ಆಸ್ಪತ್ರೆಗಳಿಗೆ ಹೋಗುವ ದಾರಿ ತೆರೆಯುತ್ತದೆ. ಸೋತರೆ ಅಂಗಡಿಯ ಹಿಂದಿನ ಅರ್ಧ ರಿಹಾನನಿಗೆ ಎಂದು ಮುಕ್ತಾರ್ ಅಹಮದರು ಮಗನಿಗೆ ಮಾತು ಕೊಟ್ಟಿದ್ದರು. ದುಡ್ಡು ಕೊಟ್ಟ ಸರ್ಕಾರಿ ಸಮಿತಿಯ ಕಡೆಯಿಂದ ಪರೀಕ್ಷೆ ನೋಡಲು ನೇಮಕವಾಗಿದ್ದ ಡಾಕ್ಟರ್ ತಿಪ್ಪೇಶ್ ಒಂದು ಸೋಮವಾರ ಬಂದು, ಶಹಜಹಾನ್ ಬೇಗಂಳ ಸಕ್ಕರೆ ಡಬ್ಬಿಯನ್ನೇ ಖಾಲಿ ಮಾಡಿಸಿ, ಯಾರಿಗೆ ಯಾವ ಗಾದಿ ಎಂದು ಅದರಲ್ಲಿ ಚೀಟಿ ಹಾಕಿ ಎತ್ತಿದರು.

ಎಲ್ಲರಿಗೂ ರಾಗಿಯದೇ ಕೊಟ್ಟರೆ ಕೈ ಸವೆಯುತ್ತದೆಯೇ ಎಂದು ಶಹಜಹಾನ್ ಬೇಗಂ ಮಗಳನ್ನು ಕೇಳಿದ್ದಳು.

“ಎಲ್ರಿಗೂ ರಾಗಿದೇ ಕೊಟ್ವಿ, ಎಲ್ರೂ ವಾಸಿಯಾದ್ರು ಅಂತ ಇಟ್ಕೋ ಅಮ್ಮಿ. ರಾಗಿಯಿಂದ ಆತೋ, ನರ್ಸ್ ನಾಗಶ್ರೀ ವಾರಾ ವಾರಾ ಹೋಗಿ ಮಗ್ಗಲು ಬದಲಾಯಿಸ್ರಿ ಅಂತ ಹೇಳಿದ್ರಿಂದ ಆತೋ, ಹೆಂಗೆ ಗೊತ್ತಾಗ್ಬೇಕು?”

ಅದೂ ಸರಿಯೇ ಅನ್ನಿಸಿತ್ತು. ಏಳನೇ ಚೀಟಿ ಎತ್ತುವ ತನಕ. ಏಳನೇ ನಂಬರು ಮಾಸ್ತಮ್ಮನದು. ಹಿಂದಿನ ದೀಪಾವಳಿಯಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವಳು ಎದ್ದಿರಲಿಲ್ಲ. ಮಗ ಜಯಪ್ಪ ಪರೀಕ್ಷೆಗೆ ಸಂತೋಷದಿಂದ ಸಹಿ ಹಾಕಿದ್ದ. ಚೀಟಿಯಲ್ಲಿ ಬಂದದ್ದು ಅರಳೆ.

“ಅವರು ಹೇಳಿಕೊಟ್ಟ ವಿದ್ಯೆ,” ಎಂದಳು ಶಹಜಹಾನ್ ಬೇಗಂ. “ಅವರಿಗೇ ಇಲ್ಲ ಅಂದ್ರೆ ಹೆಂಗೆ?”

“ನಂಗೆ ಬ್ಯಾಸರ ಇಲ್ಲ ಅಂತ ತಿಳ್ಕಂಡಿಯೇನು?” ಸಬಿಹಾಳ ಮುಖವೂ ಸಣ್ಣಗಾಗಿತ್ತು. “ಚೀಟಿ ಅಂದ್ರೆ ಚೀಟಿ ಅಮ್ಮಿ.”

ಶಹಜಹಾನ್ ಬೇಗಂ ಹದಿನಾರೂ ಗಾದಿ ಹೊಲಿದಳು. ಒಂದೇ ಬಟ್ಟೆ, ಒಂದೇ ನೂಲು, ಮೂಲೆಗೊಂದು ನಂಬರು. ಹೊಲಿದವರು ರೋಗಿಗಳ ಮನೆಗೆ ಹೋಗುವಂತಿಲ್ಲ ಎಂದು ಸಬಿಹಾ ಹೇಳಿದ್ದಳು. ಹೋಗುವವಳು ನಾಗಶ್ರೀ ಒಬ್ಬಳೇ. ಅವಳು ವಾರಕ್ಕೊಮ್ಮೆ ಸ್ಕೂಟಿಯಲ್ಲಿ ಊರೂರು ಸುತ್ತಿ, ಹುಣ್ಣಿನ ಅಳತೆ ತೆಗೆದು, ಫೋಟೋ ಹೊಡೆದು ಕಳಿಸಬೇಕು. ಗಾದಿಯೊಳಗೆ ಏನಿದೆ ಎಂದು ಅವಳು ನೋಡಬಾರದು, ಕೇಳಬಾರದು.

ಮೂರನೇ ವಾರದ ಸಂತೆಗೆ ಜಯಪ್ಪ ಬಂದ. ಮೆಕ್ಕೆಜೋಳದ ವ್ಯಾಪಾರ ಮುಗಿಸಿ ಅಂಗಡಿಯ ಮುಂದೆ ನಿಂತು, ಅವ್ವ ದಿನಾ ನಿಮ್ಮನ್ನ ಕೇಳ್ತಾಳೆ ಎಂದು ಶಹಜಹಾನ್ ಬೇಗಂಗೆ ಹೇಳಿ ಹೋದ. ಹೆಚ್ಚಿಗೆ ಏನೂ ಹೇಳಲಿಲ್ಲ. ಹೆಚ್ಚಿಗೆ ಹೇಳಿದ್ದರೆ ಆಕೆ ಮನೆಯಲ್ಲೇ ಉಳಿಯುತ್ತಿದ್ದಳೋ ಏನೋ. ಮರುದಿನ ಶಿಕಾರಿಪುರದ ತಂಗಿಯನ್ನು ನೋಡಿ ಬರುತ್ತೇನೆಂದು ಹೊರಟವಳು ಬಸ್ಸಿನಲ್ಲಿ ತಾಳಗುಂದಕ್ಕೇ ಟಿಕೆಟ್ ಕೇಳಿದಳು.

ಮಾಸ್ತಮ್ಮ ನಡುಮನೆಯ ಕಿಟಕಿಯ ಪಕ್ಕ ಮಲಗಿದ್ದಳು. ಆಳು ಅರ್ಧವಾಗಿದ್ದಳು, ದನಿ ಮಾತ್ರ ಹಾಗೇ ಇತ್ತು. ಬಂದವಳ ಕೈ ಹಿಡಿದು ಮೊದಲು ಕೇಳಿದ್ದು ಸಬಿಹಾಳನ್ನು.

“ಕೂಸು ಹೆಂಗದಾಳೆ? ನನ್ನ ಮ್ಯಾಲೆ ಏನೋ ಪರೀಕ್ಷೆ ಬರೀತಾಳಂತಲ್ಲ. ಪಾಸಾಗ್ತಾಳೋ ಇಲ್ಲೋ?”

“ಆಗ್ತಾಳವ್ವ.”

“ಅವಳು ಪಾಸಾಗೋ ತನಕ ನಾನು ಹೋಗಲ್ಲ ಬಿಡು.”

ಜಯಪ್ಪನ ಹೆಂಡತಿ ಮಗ್ಗಲು ಬದಲಾಯಿಸಲು ಬಂದಾಗ ಶಹಜಹಾನ್ ಬೇಗಂ ಸೊಂಟದ ಕೆಳಗಿನ ಹುಣ್ಣು ನೋಡಿದಳು. ಐದು ರೂಪಾಯಿ ನಾಣ್ಯಕ್ಕಿಂತ ದೊಡ್ಡದು, ಅಂಚು ಕಪ್ಪಗೆ, ನಡುವೆ ಹಸಿ. ಮಾಸ್ತಮ್ಮ ತುಟಿ ಕಚ್ಚಿಕೊಂಡು ಗೋಡೆಯ ಕಡೆ ನೋಡುತ್ತಿದ್ದಳು. ಆ ಹುಣ್ಣಿನ ಕೆಳಗಿದ್ದದ್ದು ತಾನು ಹೊಲಿದ ಗಾದಿ. ಶಹಜಹಾನ್ ಬೇಗಂಗೆ ತನ್ನ ಕೈಗಳ ಮೇಲೇ ಸಿಟ್ಟು ಬಂತು.

ಮೂರು ದಿನ ಬಿಟ್ಟು ಆಕೆ ಮತ್ತೆ ಹೋದಳು. ಎರಡು ಕೈಚೀಲಗಳಲ್ಲಿ ಹನ್ನೆರಡು ಕೆಜಿ ರಾಗಿ, ಹೊಲಿದಿಟ್ಟ ಚೌಕಗಳು, ದಬ್ಬಣ, ಕತ್ತರಿ. ಜಯಪ್ಪ ಅವ್ವನನ್ನು ಎತ್ತಿ ಚಾಪೆಯ ಮೇಲೆ ಮಲಗಿಸಿದ. ಎರಡು ತಾಸಿನಲ್ಲಿ ಗಾದಿಯ ಹೊಟ್ಟೆ ಬಿಚ್ಚಿ, ಅರಳೆ ತೆಗೆದು, ರಾಗಿ ಕೂರಿಸಿ, ಹಳೆಯ ತೂತುಗಳಲ್ಲೇ ದಬ್ಬಣ ಏರಿಸಿ ಹೊಲಿದಳು. ಏಳರ ನಂಬರು ಇದ್ದ ಹಾಗೇ ಇತ್ತು. ಯಾರಿಗೂ ಹೇಳಬಾರದು, ನಾಗಶ್ರೀಗಂತೂ ಬೇಡವೇ ಬೇಡ ಎಂದು ಜಯಪ್ಪನಿಂದ ಮಾತು ತೆಗೆದುಕೊಂಡಳು. ಮಾಸ್ತಮ್ಮನನ್ನು ಗಾದಿಯ ಮೇಲೆ ಬಿಟ್ಟಾಗ ರಾಗಿ ಮೆಲ್ಲಗೆ ಸರಿದ ಸದ್ದಾಯಿತು. ಮುದುಕಿ ಕಣ್ಣು ಮುಚ್ಚಿದಳು.

ಒಂದು ತಪ್ಪು ಮಾಡಿದವರಿಗೆ ಎರಡನೆಯದು ಅಷ್ಟು ಕಷ್ಟವಲ್ಲ. ಹನ್ನೊಂದನೇ ನಂಬರಿನ ಲೋಕಮ್ಮ ಶಿರಾಳಕೊಪ್ಪದ ತಮ್ಮ ಬೀದಿಯವಳೇ, ಲಕ್ವ ಹೊಡೆದು ಮಲಗಿದ್ದಳು. ಬಟ್ಟೆ ಒಣಹಾಕಲು ಹೋದರೆ ಗೋಡೆಯಾಚೆಯಿಂದ ನರಳುವುದು ಕೇಳುತ್ತಿತ್ತು. ಅಲ್ಲೂ ಅರಳೆಯೇ. ಮಾಸ್ತಮ್ಮನಿಗೆ ಮಾಡಿ ಲೋಕಮ್ಮನನ್ನು ಬಿಟ್ಟರೆ ಮೇಲಿನವನು ಮೆಚ್ಚುತ್ತಾನೆಯೇ ಎಂದು ತನಗೆ ತಾನೇ ಕೇಳಿಕೊಂಡು, ಉತ್ತರಕ್ಕೆ ಕಾಯದೆ, ಲೋಕಮ್ಮನ ಸೊಸೆ ಒಬ್ಬಳೇ ಇದ್ದ ಹೊತ್ತು ನೋಡಿ ಆ ಗಾದಿಗೂ ರಾಗಿ ತುಂಬಿ, ಅವಳಿಂದಲೂ ಮಾತು ತೆಗೆದುಕೊಂಡು ಬಂದಳು. ಅಲ್ಲಿಗೆ ನಿಲ್ಲಿಸಿದಳು. ಅರಳೆಯ ಚೀಟಿ ಬಂದ ಉಳಿದ ಆರು ಜನ ಯಾರು, ಯಾವ ಊರಿನವರು ಎಂದು ಆಕೆಗೆ ಗೊತ್ತಿರಲಿಲ್ಲ. ನಂಬರು ಗೊತ್ತಿತ್ತು, ಅಷ್ಟೇ.

ಆಮೇಲೆ ಮನೆಯಲ್ಲಿ ಏನೋ ಸರಿಯಿಲ್ಲದಂತಾಯಿತು. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಇಲ್ಲವೆಂದರೆ ಬೀಳುತ್ತಲೇ ಇರಲಿಲ್ಲ. ಚೀಲದಲ್ಲಿ ರಾಗಿ ಕಡಿಮೆಯಾಗಿದೆಯಲ್ಲ ಎಂದು ಸಬಿಹಾ ಒಂದು ದಿನ ತೂಕದ ಯಂತ್ರದ ಮುಂದೆ ನಿಂತು ಕೇಳಿದಾಗ, ಇಲಿ ಎಂದಳು ಶಹಜಹಾನ್ ಬೇಗಂ. ಮರುದಿನವೇ ರಿಹಾನ್ ಇಲಿ ಬೋನು ತಂದಿಟ್ಟ. ಬೋನಿನಲ್ಲಿ ಒಂದು ಇಲಿಯೂ ಬೀಳಲಿಲ್ಲ. ಕಳ್ಳನ ಮನಸ್ಸು ಹುಳ್ಳಗೆ ಎನ್ನುತ್ತಾರಲ್ಲ, ಆಕೆ ಆ ಖಾಲಿ ಬೋನನ್ನು ದಿನಾ ನೋಡಿ ಒಳಗೊಳಗೇ ಬೇಯುತ್ತಿದ್ದಳು.

ಆರನೇ ವಾರಕ್ಕೆ ಸಬಿಹಾಳ ಮುಖ ಬಾಡಿತು. ಅರಳೆಯ ಗುಂಪಿನಲ್ಲೂ ಕೆಲವರ ಹುಣ್ಣು ಮಾಯುತ್ತಿತ್ತು. ಏಳು ಮತ್ತು ಹನ್ನೊಂದನೇ ನಂಬರಿನವರಂತೂ ರಾಗಿಯವರಿಗಿಂತ ಬೇಗ ಚೇತರಿಸಿಕೊಳ್ಳುತ್ತಿದ್ದರು.

“ಅರಳೆ ಮ್ಯಾಲೂ ವಾಸಿ ಆಗ್ತೈತೆ ಅಂದ್ರೆ ನಂದೇನು ಹೆಚ್ಚು?” ಎಂದು ಊಟದ ನಡುವೆ ಕೈ ಬಿಟ್ಟು ಕೂತಳು. “ನಾಕು ವರ್ಷದ ಕೆಲಸ ಬಿಟ್ಟು ಬಂದೆ, ಅಬ್ಬಾ. ಇದನ್ನ ನಂಬ್ಕಂಡು.”

ರಿಹಾನ್ ಅದಕ್ಕೆ ಕೊಂಕು ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. ಅವನು ಅಕ್ಕನ ತಟ್ಟೆಗೆ ಸುಮ್ಮನೆ ಒಂದು ತುಂಡು ಮೀನು ಹಾಕಿದ. ಅಷ್ಟರಲ್ಲಿ ಫೋನ್ ಬಂತು. ನಾಗಶ್ರೀಯದು. ಕುಬಟೂರಿನ ಹದಿಮೂರನೇ ನಂಬರಿನವರಿಗೆ ಹುಣ್ಣು ಕೀವಾಗಿ ಜ್ವರ ಬಂದಿದೆ, ಅವರನ್ನು ಪರೀಕ್ಷೆಯಿಂದ ಕೈಬಿಟ್ಟು ಶಿವಮೊಗ್ಗಕ್ಕೆ ಸಾಗಿಸುತ್ತಿದ್ದಾರೆ ಎಂದಳು. ಸಬಿಹಾ ಕೈ ತೊಳೆದು ಬಸ್‌ಸ್ಟ್ಯಾಂಡಿಗೆ ಓಡಿದಳು. ಶಹಜಹಾನ್ ಬೇಗಂ, ಅಯ್ಯೋ ಪಾಪ ಎಂದು ಅವಳ ತಟ್ಟೆ ಎತ್ತಿದಳು. ಆಕೆಯ ತಲೆಯಲ್ಲಿ ಇದ್ದದ್ದು ಏಳು ಮತ್ತು ಹನ್ನೊಂದು.

ಎಂಟನೇ ವಾರದ ಮೊದಲ ದಿನ ಸಬಿಹಾ ಹೊಸ ಸುದ್ದಿ ತಂದಳು. ಮುಂದಿನ ಗುರುವಾರ ಹದಿನಾರೂ ಗಾದಿ ಅಂಗಡಿಗೆ ವಾಪಸ್ ಬರುತ್ತವೆ. ಡಾಕ್ಟರ್ ತಿಪ್ಪೇಶರ ಎದುರು ಹೊಲಿಗೆ ಬಿಚ್ಚಿ, ರಾಗಿ ಎಷ್ಟು ಗಟ್ಟಿಯಾಗಿದೆ, ಅರಳೆ ಎಷ್ಟು ಕುಗ್ಗಿದೆ ಎಂದು ಅಳೆಯಬೇಕು.

“ಎಲ್ಲಾನೂ ಬಿಚ್ತಾರಾ?” ಎಂದಳು ಶಹಜಹಾನ್ ಬೇಗಂ.

“ಎಲ್ಲಾನೂ. ಹೊಲ್ದೋಳು ನೀನೇ ಅಲ್ವಾ, ನೀನೇ ಬಿಚ್ಚಿಕೊಡು.”

ಬುಧವಾರ ಆಕೆ ಹಳೆಯ ಅರಳೆಯನ್ನು ಚೀಲಕ್ಕೆ ತುಂಬಿಕೊಂಡು ತಾಳಗುಂದದ ಬಸ್ಸು ಹತ್ತಿದಳು. ರಾಗಿ ತೆಗೆದು ಅರಳೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾಸ್ತಮ್ಮನ ಹುಣ್ಣು ಮಾಯ್ದು ಹೊಸ ಚರ್ಮ ಬಂದಿತ್ತು, ಎಳೇ ಕೂಸಿನ ಚರ್ಮದಷ್ಟು ತೆಳು. ಆಕೆ ಕತ್ತರಿ ತೆಗೆದು ಪಕ್ಕದಲ್ಲಿ ಕೂತಳು.

“ಏಳನೇದು ಬಿಚ್ಚಾಕೆ ಬಂದಿಯೇನು?” ಎಂದಳು ಮಾಸ್ತಮ್ಮ.

“ಹೂಂನವ್ವ.”

“ಬಿಚ್ಚು. ಕೂಸಿನ ಪರೀಕ್ಷೆಗೆ ಅಡ್ಡಿ ಆಗೋದಾದ್ರೆ ಬಿಚ್ಚು. ನಂಗೇನು, ಅರಳೆ ಮ್ಯಾಲೂ ಮಲಗಿದ್ದೆ.” ಎಂದು ತಾನೇ ಮಗ್ಗಲಿಗೆ ಹೊರಳಲು ನೋಡಿದಳು, ಆಗಲಿಲ್ಲ.

ಶಹಜಹಾನ್ ಬೇಗಂ ಕತ್ತರಿಯನ್ನು ಚೀಲಕ್ಕೆ ಹಾಕಿದಳು. ಅರಳೆಯನ್ನೂ ಹಾಗೇ ವಾಪಸ್ ತಂದಳು. ದಾರಿಯುದ್ದಕ್ಕೂ ಕಿಟಕಿಗೆ ತಲೆ ಆನಿಸಿ ಅತ್ತಳು. ಯಾಕೆ ಅಳುತ್ತೀರಿ ಎಂದು ಪಕ್ಕದವಳು ಕೇಳಿದ್ದಕ್ಕೆ, ಮಗಳದೊಂದು ಕೆಲಸ ಕೆಡಿಸಿದೆ ಎಂದಳು.

ಮನೆಗೆ ಬರುವಾಗ ಮೂವರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಆಕೆ ಬಡಿಸಲು ನಿಲ್ಲಲಿಲ್ಲ, ಬಾಗಿಲಲ್ಲೇ ಕುಕ್ಕರಿಸಿದಳು.

“ಏಳು, ಹನ್ನೊಂದು. ಆ ಎರಡು ಗಾದಿಯೊಳಗೆ ಇರೋದು ರಾಗಿ. ನಾನೇ ತುಂಬಿದ್ದು. ಮೂರನೇ ವಾರ ಮಾಸ್ತಮ್ಮಂದು, ನಾಕನೇ ವಾರ ಲೋಕಮ್ಮಂದು.”

ಮೊದಲು ಅರ್ಥವಾದದ್ದು ರಿಹಾನನಿಗೆ. ಅವನು ಎರಡು ತಿಂಗಳಿಂದ ರಾಗಿಗೆ ಬಯ್ಯುತ್ತಿದ್ದವನು ಬೆರಳು ಮಡಚಿ ಲೆಕ್ಕ ಹಾಕಿದ. ರಾಗಿಯ ಮೇಲೆ ಹತ್ತು ಜನ ಮಲಗಿದ ಹಾಗಾಯಿತು, ಎಂಟು ಜನ ವಾಸಿ. ಅರಳೆಯ ಮೇಲೆ ಆರು, ವಾಸಿಯಾದದ್ದು ಒಬ್ಬರೇ.

“ಅಕ್ಕ, ನೀನು ಗೆದ್ದಂಗಲ್ಲೇನೇ. ಆ ಎರಡು ಹೆಸರು ಈ ಕಡೆ ಬರ್ಕಂಡ್ರೆ ಮುಗೀತು.”

ಸಬಿಹಾ ಆಗದೆಂದು ತಲೆ ಅಲ್ಲಾಡಿಸಿದಳು. ಚೀಟಿಯ ಪಟ್ಟಿ ತಿಪ್ಪೇಶ್ ಸರ್ ಹತ್ತಿರವೂ ಇದೆ ಎಂದಳು. ಹಾಗಾದರೆ ಇವತ್ತೇ ಹೋಗಿ ಅರಳೆ ತುಂಬಿ ಬರೋಣ, ನಾನು ಗಾಡಿ ತೆಗೆಯುತ್ತೇನೆ ಎಂದ ರಿಹಾನ್. ಅದಕ್ಕೇ ಹೋಗಿದ್ದೆ, ಕೈ ಬರಲಿಲ್ಲ ಎಂದಳು ತಾಯಿ. ಮುಕ್ತಾರ್ ಅಹಮದರು ಎಲ್ಲರ ಮಾತಿಗೂ ತಲೆಯಾಡಿಸುವುದನ್ನು ಆವತ್ತು ನಿಲ್ಲಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ಹೆಂಡತಿಗೆ ಮೂವತ್ತು ವರ್ಷದಲ್ಲಿ ಆಡದ ಮಾತು ಆಡಿದರು. ಆಮೇಲೆ ಮಗಳ ಕಡೆ ತಿರುಗಿ, ನಾಳೆ ಒಂದಿನ ಸುಮ್ಮನಿದ್ದು ನೋಡೋಣವೇ, ಡಾಕ್ಟರು ಅಷ್ಟೆಲ್ಲ ಗಮನಿಸದೆಯೂ ಇರಬಹುದು ಎಂದರು.

“ಯಾರ ಬೆನ್ನಿಗೆ ಏನಾತು ಅಂತ ಸುಳ್ಳು ಹೇಳಿ ಗಾದಿ ಮಾರಾಕೆ ನಾನು ಬಂದಿದ್ದಲ್ಲ ಅಬ್ಬಾ,” ಎಂದಳು ಸಬಿಹಾ. ಎದ್ದಳು. ತಾಯಿಯನ್ನು ದಾಟಿಕೊಂಡು ಹೊರಗೆ ಹೋಗಿ, ಅಂಗಡಿ ಕಟ್ಟೆಯ ಮೇಲೆ ನಿಂತು ಡಾಕ್ಟರಿಗೆ ಫೋನ್ ಮಾಡಿದಳು. ತಾಯಿಯ ಹತ್ತಿರ ಮಾತ್ರ ಒಂದಕ್ಷರ ಆಡಲಿಲ್ಲ. ರಾತ್ರಿ ತಾಯಿ ಮಾಡಿದ್ದನ್ನು ತಿನ್ನದೆ ಬೇಕರಿಯ ಬನ್ನು ತಂದು ತಿಂದಳು. ಶಹಜಹಾನ್ ಬೇಗಂಗೆ ಗಂಡನ ಮಾತಿಗಿಂತ ಆ ಬನ್ನು ಹೆಚ್ಚು ಚುಚ್ಚಿತು.

ಗುರುವಾರ ರಿಹಾನ್ ಬಾಡಿಗೆಯ ಲಗೇಜ್ ಆಟೋದಲ್ಲಿ ಊರೂರಿಗೆ ಹೋಗಿ ಗಾದಿ ತಂದ. ಬೇರೆ ಗಾದಿ ಸಿಗುವ ತನಕ ಮಲಗಲು ಎಂದು ಮನೆಗೊಂದು ತನ್ನ ಫೋಮ್ ಗಾದಿ ಇಟ್ಟುಬಂದ. ಅದಕ್ಕೆ ಯಾರೂ ಅವನಿಗೆ ಹೇಳಿರಲಿಲ್ಲ. ಡಾಕ್ಟರ್ ತಿಪ್ಪೇಶ್ ಸ್ಟೂಲಿನ ಮೇಲೆ ಕೂತು ಪಟ್ಟಿ ತೊಡೆಯ ಮೇಲಿಟ್ಟುಕೊಂಡರು. ಶಹಜಹಾನ್ ಬೇಗಂ ಒಂದನೇ ನಂಬರಿನಿಂದ ತನ್ನ ಹೊಲಿಗೆಯನ್ನು ತಾನೇ ಕತ್ತರಿಸುತ್ತ ಬಂದಳು. ಸಬಿಹಾ ಅಳತೆ ಹೇಳುತ್ತಿದ್ದಳು, ನಾಗಶ್ರೀ ಬರೆಯುತ್ತಿದ್ದಳು. ಏಳನೆಯದು ಬಿಚ್ಚಿದಾಗ ರಾಗಿ ನೆಲಕ್ಕೆ ಚೆಲ್ಲಿತು.

“ಯಾಕಮ್ಮಾ ಹಿಂಗೆ ಮಾಡಿದ್ರಿ?” ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಗುರ್ತಿನವರು ಸಾರ್. ನೋಡ್ಕಂಡು ಸುಮ್ನಿರಾಕೆ ಆಗ್ಲಿಲ್ಲ.”

ಅವರು ಅದನ್ನೂ ಬರೆದುಕೊಂಡರು.

ಹದಿಮೂರನೆಯದಕ್ಕೆ ಕತ್ತರಿ ಹಾಕುವ ಮುಂಚೆಯೇ ವಾಸನೆ ಬಂತು. ಹೊದಿಕೆಯ ನಡುವೆ ಒಂದು ಮೊರದಗಲ ಕಲೆ, ಕಂದು ಹಳದಿ, ಒಣಗಿ ಗಟ್ಟಿಯಾಗಿತ್ತು. ಅದರ ಮೇಲೆ ಆಕೆಯ ಹೊಲಿಗೆ ಗೆರೆ ಎಳೆದಂತೆ ನೆಟ್ಟಗೆ ಸಾಗಿತ್ತು. ಒಂದು ಎಳೆಯೂ ಸಡಿಲಾಗಿರಲಿಲ್ಲ. ಬಿಚ್ಚಿದರೆ ಒಳಗಿನ ಅರಳೆ ಕೀವು ಕುಡಿದು ಹಲಗೆಯಾಗಿತ್ತು. ಶಹಜಹಾನ್ ಬೇಗಂಳ ಕೈ ನಿಂತಿತು. ಇದು ಯಾರದು ಎಂದು ಕೇಳಿದಳು.

ನಾಗಶ್ರೀ ಹೇಳಲು ಬಾಯಿ ತೆರೆದಿದ್ದಳು. ಸಬಿಹಾ ಮುಂಚೆ ಹೇಳಿದಳು. ಒಂದು ದಿನ ಒಂದು ರಾತ್ರಿಯ ಮೇಲೆ ತಾಯಿಯ ಹತ್ತಿರ ಅವಳು ಆಡಿದ ಮೊದಲ ಮಾತು ಅದು.

“ಪರಮಶಿವಪ್ಪ ಅಂತ. ಕುಬಟೂರು. ಪೋಸ್ಟ್‌ಮ್ಯಾನ್ ಆಗಿದ್ರು. ಹುಣ್ಣು ಎಲುಬಿನ ತನಕ ಹೋಗಿತ್ತು. ಮೊನ್ನೆ ಮನೆಗೆ ಕಳಿಸಿದ್ರು.” ಸ್ವಲ್ಪ ತಡೆದಳು. “ಚೀಟಿ ಯಾಕೆ ಎತ್ತಬೇಕು ಅಂತ ಕೇಳಿದ್ದಿಯಲ್ಲ ಅಮ್ಮಿ. ಇದಕ್ಕೇ. ನಮ್ಮವರು ಯಾರು ಅಂತ ನಾವು ನೋಡ್ಬಾರ್ದು ಅಂತ. ಪರೀಕ್ಷೆ ಸರಿಯಾಗಿ ಮುಗಿದಿದ್ರೆ ಮುಂದಿನ ವರ್ಷ ಇಂಥೋರಿಗೆಲ್ಲ ಆಸ್ಪತ್ರೆಯಿಂದಲೇ ಗಾದಿ ಹೋಗ್ತಿತ್ತು.”

ಶಹಜಹಾನ್ ಬೇಗಂ ಮತ್ತೆ ಕತ್ತರಿ ಎತ್ತಿಕೊಂಡಳು. ಉಳಿದ ಮೂರು ಗಾದಿಗಳನ್ನು ಬಿಚ್ಚಿ ಮುಗಿಸಿದಳು.

ಒಂದು ತಿಂಗಳಿಗೆ ಸಮಿತಿಯ ಪತ್ರ ಬಂತು. ನಿಜ ಹೇಳಿದ್ದಕ್ಕೆ ಒಂದು ಸಾಲು ಮೆಚ್ಚುಗೆ ಇತ್ತು. ಈ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಲಾಗದು, ಎರಡನೇ ಕಂತು ಇಲ್ಲ, ಬೇಕಾದರೆ ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬಹುದು, ಆಗ ಗಾದಿ ಹೊಲಿಯುವವರು ಮನೆಯವರಾಗಿರಬಾರದು. ಮೆಚ್ಚುಗೆಯ ಸಾಲನ್ನು ಮುಕ್ತಾರ್ ಅಹಮದರು ಎರಡು ಸಲ ಓದಿಸಿಕೊಂಡರು. ರಿಹಾನ್ ಹಿಂದಿನ ಅರ್ಧವನ್ನು ಕೇಳಲಿಲ್ಲ, ಆದರೆ ಮಾತಿನ ಪ್ರಕಾರ ಅದು ಅವನದಾಯಿತು. ತೂಕದ ಯಂತ್ರವನ್ನು ಅವನು ಮೂಲೆಗೆ ಸರಿಸಿ, ಧೂಳು ಬೀಳದಂತೆ ಬಟ್ಟೆ ಮುಚ್ಚಿಟ್ಟ. ಸಬಿಹಾ ಶಿಕಾರಿಪುರದ ಒಂದು ನರ್ಸಿಂಗ್ ಹೋಮಿಗೆ ಸೇರಿದಳು. ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ ಸಂಜೆ ಬಂದು, ಊಟದ ನಂತರ ಹೊಸ ಅರ್ಜಿ ಬರೆಯುತ್ತಿದ್ದಳು. ತಾಯಿ ಮಾಡಿದ್ದನ್ನು ಈಗ ತಿನ್ನುತ್ತಿದ್ದಳು. ಮಾತು ಮಾತ್ರ ಬೇಕಾದಷ್ಟೇ.

ಪರೀಕ್ಷೆ ಸತ್ತ ಮೇಲೆ ಅದರ ಕಟ್ಟಳೆಯೂ ಇರಲಿಲ್ಲ. ಉಳಿದಿದ್ದ ರಾಗಿಯಲ್ಲಿ ಶಹಜಹಾನ್ ಬೇಗಂ ಅರಳೆ ಸಿಕ್ಕಿದ್ದ ಆ ಆರು ಜನಕ್ಕೆ ಆರು ಗಾದಿ ಹೊಲಿಯಲು ಕೂತಳು. ಮೊದಲನೆಯದು ಮುಗಿದ ದಿನ, ಎಲ್ಲಿಗೆ ಒಯ್ಯಬೇಕೆಂದು ಕೇಳುವುದು ಹೇಗೆ ಎಂದು ಒದ್ದಾಡುತ್ತಿದ್ದಾಗ, ಸಬಿಹಾ ತಾನಾಗಿಯೇ ಒಂದು ಚೀಟಿ ತಂದು ಗಾದಿಯ ಮೇಲಿಟ್ಟಳು. ಕುಬಟೂರು, ಪರಮಶಿವಪ್ಪ, ಕಲ್ಲು ಗುಡಿಯ ಹಿಂದಿನ ಓಣಿ. ಕೆಳಗೆ, ಎರಡು ತಾಸಿಗೊಮ್ಮೆ ಮಗ್ಗಲು ಬದಲಾಯಿಸಲು ಹೇಳು ಎಂದು ಬರೆದಿತ್ತು.

ಆನವಟ್ಟಿ ಕಡೆಯ ಬಸ್ಸಿನ ಕಂಡಕ್ಟರ್, ಇದು ಗಾದಿಯೋ ಕಾಳಿನ ಮೂಟೆಯೋ ಎಂದು ಗೊಣಗಿ ಅರ್ಧ ಟಿಕೆಟ್ ಹೆಚ್ಚಿಗೆ ಹರಿದ. ಬಸ್ಸಿನಲ್ಲಿ ಆಕೆ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಳು. ಚೀಟಿ ಎತ್ತಿದ್ದು ಡಾಕ್ಟರು. ಅರ್ಧ ಜನಕ್ಕೆ ಅರಳೆ ಎಂಬುದು ಸರ್ಕಾರದ ನಿಯಮ. ಹೊಲಿದವರು ಮನೆಗೆ ಬರುವಂತಿರಲಿಲ್ಲ. ಒಂದೂ ಸುಳ್ಳಲ್ಲ.

ಬಾಗಿಲು ತೆರೆದವಳು ಪರಮಶಿವಪ್ಪನ ಸೊಸೆ ದಿವ್ಯ. ಮೂವತ್ತರ ಒಳಗಿನವಳು, ಕೈಯಲ್ಲಿ ಹುಣ್ಣು ತೊಳೆಯುವ ಬಟ್ಟಲು ಹಾಗೇ ಇತ್ತು. ಸುತ್ತ ಏಳೂರಿಗೆ ಟಪಾಲು ಹಂಚಿದ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಇಬ್ಬರೂ ಸೇರಿ ಅವನನ್ನು ಬೆಡ್‌ಶೀಟಿನ ಸಮೇತ ಎತ್ತಿ, ರಾಗಿ ಗಾದಿ ಹಾಸಿ, ಮೆಲ್ಲಗೆ ಬಿಟ್ಟರು. ರಾಗಿ ಸರಿದು ಅವನ ಸೊಂಟಕ್ಕೆ ಜಾಗ ಮಾಡಿತು. ಬಿಗಿ ಹಿಡಿದಿದ್ದ ಅವನ ಮುಷ್ಟಿ ನೋಡನೋಡುತ್ತ ಬಿಚ್ಚಿಕೊಂಡಿತು.

“ತಣ್ಣಗೈತೆ,” ಎಂದ ಮುದುಕ. “ಯಾರು ಬಂದಿರೋದು?”

ದಿವ್ಯ ಗಾದಿಯ ಅಂಚನ್ನು ಕೈಯಿಂದ ಒತ್ತಿ ನೋಡಿದಳು. ಮತ್ತೊಮ್ಮೆ ಒತ್ತಿದಳು. ಕಣ್ಣಲ್ಲಿ ನೀರು ಬಂದಿತ್ತು, ಅದರ ಹಿಂದೆಯೇ ಬೇರೆ ಏನೋ ಬಂತು.

“ಇದು ನಿಮ್ ಹತ್ರ ಮೊದ್ಲೇ ಇತ್ತಾ?”

“ಇತ್ತಮ್ಮ.”

“ಮತ್ತೆ ಆವಾಗ್ಲೇ ಯಾಕೆ ಕೊಡ್ಲಿಲ್ಲ?”

ಚೀಟಿ, ಡಾಕ್ಟರು, ಸರ್ಕಾರ, ನಿಯಮ, ಎಲ್ಲವೂ ಶಹಜಹಾನ್ ಬೇಗಂಳ ನಾಲಿಗೆಯ ಮೇಲೇ ಇದ್ದವು. ಆಕೆ ಆ ಹುಡುಗಿಯ ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು.

“ಆವಾಗ ನಿಮ್ಮ ಗುರ್ತಿರ್ಲಿಲ್ಲಮ್ಮ,” ಎಂದಳು.